ಬೋರ್ಡು ಇನ್ನೂ ತೂಗುತ್ತಿತ್ತು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೊದಲು ಓದಿಬಿಡುತ್ತೇನೆ. ಬರೆದವಳು ವಿಜಯಪುರ ಜಿಲ್ಲೆಯ ಮುಳವಾಡದ ಹುಡುಗಿ, ಏಳನೇ ತರಗತಿ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ನನ್ನನ್ನು ‘ಮುತ್ಯಾ’ ಎಂದು ಕರೆದಿದ್ದಾಳೆ. ಮೈಸೂರು, ಮಂಗಳೂರು ಕಡೆಯ ಮಕ್ಕಳಿಗೆ ಒಂದು ಮಾತು: ಆ ಸೀಮೆಯಲ್ಲಿ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ, ಅಜ್ಜಿಗೆ ಆಯಿ ಎನ್ನುತ್ತಾರೆ.

“ಮುತ್ಯಾ, ನಮ್ಮ ಅಕ್ಕಗ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಾಗ ಸೀಟ್ ಸಿಕ್ಕೈತಿ. ದಿನಾ ಊರಿಂದ ಹೋಗಿ ಬರೂದು ಆಗಂಗಿಲ್ಲ. ಅಪ್ಪಗೂ ಅಲ್ಲೇ ಕೆಲಸ ಐತಿ. ಅದಕ್ಕ ಒಂದು ಮನಿ ಹಿಡೀಬೇಕಂತ ಅಪ್ಪ ಹೊಂಟಾಗ ನಾನೂ ಹೋಗಿದ್ದೆ. ಒಂದು ಮನಿ ಮುಂದ ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡ್ ತೂಗು ಹಾಕಿದ್ರು. ಆ ಮನಿ ಅಮ್ಮಾರು ಒಳಗ ಕರದು ಕುಂದ್ರಿಸಿದ್ರು. ನೀರು ಕೊಟ್ಟರು. ಯಾವೂರು ಅಂದ್ರು. ಮುಳವಾಡ ಅಂದ್ವಿ. ಹೌದಾ, ನಮ್ಮ ತಂಗೀನ ಅಲ್ಲೇ ಕೊಲ್ಹಾರಕ್ಕ ಕೊಟ್ಟೀವಿ, ಮೊಸರಂದ್ರ ಕೊಲ್ಹಾರದ್ದ ನೋಡ್ರಿ ಅಂತ ನಕ್ಕರು. ಮನಿ ತೋರಿಸಿದ್ರು. ಎರಡು ಖೋಲಿ, ನಳ ಒಳಗ ಐತಿ. ಅಪ್ಪ ಡಿಪಾಜಿಟ್ ಎಷ್ಟು ಅಂತ ಕೇಳಿದ. ಆಗ ಅವರು ನಿಮ್ಮ ಅಡ್ಡಹೆಸರು ಏನ್ರಿ ಅಂದ್ರು. ಅಪ್ಪ ಹೇಳಿದ. ಊರಾಗ ಯಾವ ಓಣ್ಯಾಗ ಇರ್ತೀರಿ ಅಂದ್ರು. ಅದನ್ನೂ ಹೇಳಿದ. ಆಮ್ಯಾಲ ಯಜಮಾನ್ರನ್ನ ಕೇಳಿ ಫೋನ್ ಮಾಡ್ತೀವಿ ಅಂದ್ರು. ಸಂಜೀಕ ಫೋನ್ ಬಂತು. ನಮ್ಮ ಸಂಬಂಧಿಕರ ಬರ್ತಾರಂತ, ಮನಿ ಖಾಲಿ ಇಲ್ಲ ಅಂದ್ರು. ಹದಿನೈದು ದಿನ ಆದ ಮ್ಯಾಲ ಮತ್ತ ಅದ ರಸ್ತೆದಾಗ ಹೋದ್ವಿ. ಬೋರ್ಡ್ ಇನ್ನೂ ತೂಗತಿತ್ತು. ಅಪ್ಪ ನೋಡಿದ್ರೂ ನೋಡಲಾರದಂಗ ಮುಂದ ಹೋದ. ಮುತ್ಯಾ, ಬೋರ್ಡಿನ ಮ್ಯಾಲ ಸುಳ್ಳು ಬರದ್ರ ಯಾರಿಗೆ ಹೇಳಬೇಕು?”

ಪತ್ರ ಇಷ್ಟೇ. ಜಾತಿ ಎಂಬ ಮಾತನ್ನು ಹುಡುಗಿ ಎಲ್ಲಿಯೂ ಬರೆದಿಲ್ಲ. ಮನೆಯ ಅಮ್ಮನವರೂ ಆ ಮಾತು ಆಡಲಿಲ್ಲ. ಆಡುವ ಅಗತ್ಯವೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಅರ್ಧ ಹೇಳುತ್ತದೆ, ಓಣಿಯ ಹೆಸರು ಉಳಿದರ್ಧ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಓಣಿ ಎಂದರೆ ಬರೀ ದಾರಿಯಲ್ಲ. ಯಾರು ಎಲ್ಲಿರಬೇಕು ಎಂದು ಯಾವ ಕಾಲದಲ್ಲೋ ಹಾಕಿದ ಗೆರೆ. ಪೇಟೆಗೆ ಬಂದರೆ ಗೆರೆ ಕಾಣುವುದಿಲ್ಲ. ಅದಕ್ಕೇ ಕೇಳಿ ತಿಳಿದುಕೊಳ್ಳುತ್ತಾರೆ.

ಹುಡುಗಿಯ ತಂದೆ ಮರೆಮಾಚದೆ ಹೇಳಿದರಲ್ಲ, ಆ ಮನುಷ್ಯನಿಗೆ ನನ್ನ ನಮಸ್ಕಾರ. ಮನೆ ಸಿಗಲೆಂದು ಅಡ್ಡಹೆಸರು ಬದಲಿಸಿ ಹೇಳುವವರು ಇದ್ದಾರೆ. ನಾನು ಅವರನ್ನು ದೂರುವುದಿಲ್ಲ. ಯಾಕೆ ಎನ್ನುವುದು ಮುಂದೆ ಬರುವ ಒಂದು ಕತೆಯಲ್ಲಿ ಗೊತ್ತಾಗುತ್ತದೆ.

ಅದಕ್ಕೂ ಮೊದಲು ನನ್ನದೇ ಮನೆಯ ಮಾತು ಹೇಳಬೇಕು. ನಮ್ಮ ಹಿತ್ತಲಲ್ಲಿ ಎರಡು ಖೋಲಿಯ ಒಂದು ಸಣ್ಣ ಮನೆ ಇತ್ತು. ವರ್ಗವಾಗಿ ಬರುವ ಮಾಸ್ತರರಿಗೆ, ಗ್ರಾಮಸೇವಕರಿಗೆ ಬಾಡಿಗೆಗೆ ಕೊಡುತ್ತಿದ್ದರು. ನಾನು ಆರನೆಯದರಲ್ಲಿದ್ದಾಗ ಗಣಿತದ ಮಾಸ್ತರರೊಬ್ಬರು ಕೇಳಿಕೊಂಡು ಬಂದರು. ನಮ್ಮ ತಾಯಿ ಅವರಿಗೂ ನೀರು ಕೊಟ್ಟಳು, ಊರು ಕೇಳಿದಳು, ಆಮೇಲೆ ಆ ಪ್ರಶ್ನೆ ಕೇಳಿದಳು. ಮರುದಿನ ‘ನಮ್ಮ ತಮ್ಮ ಬರುವವನಿದ್ದಾನೆ’ ಎಂದು ನನ್ನ ಕೈಯಲ್ಲೇ ಹೇಳಿ ಕಳಿಸಿದಳು. ತಮ್ಮ ಬರಲಿಲ್ಲ. ಮಾಸ್ತರರು ದೂರದ ಊರಿನಿಂದ ಸೈಕಲ್ ತುಳಿದುಕೊಂಡು ಬರತೊಡಗಿದರು. ಮಳೆ ಬಂದು ಹಳ್ಳ ತುಂಬಿದ ದಿನ ಮೊದಲನೇ ಪಿರಿಯಡ್ ತಪ್ಪುತ್ತಿತ್ತು. ತಡವಾಗಿ ಬಂದದ್ದಕ್ಕೆ ಬೈಸಿಕೊಂಡವರು ಮಾಸ್ತರರೇ. ಗಣಿತ ತಪ್ಪಿದ್ದು ನಮಗೆ. ನಮ್ಮ ತಾಯಿ ಕೆಟ್ಟವಳಲ್ಲ. ಅವಳು ಹೇಳಿದ ಸುಳ್ಳನ್ನು ಹೊತ್ತುಕೊಂಡು ಹೋಗಿ ಅವರಿಗೆ ಒಪ್ಪಿಸಿದವನು ನಾನು. ಅದಕ್ಕೇ ಈ ಹುಡುಗಿಯ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟೆ.

ಈಗ ಆ ಕತೆ. ಇದು ನಿಜವಾಗಿ ನಡೆದದ್ದು. 1917ನೇ ಇಸವಿ. ಇಪ್ಪತ್ತಾರು ವರ್ಷದ ಒಬ್ಬ ತರುಣ ಬರೋಡಾ ಸ್ಟೇಷನ್ನಿನಲ್ಲಿ ಇಳಿದ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿ ಬಂದವನು. ಓದಲು ಹಣ ಕೊಟ್ಟವರು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು. ಅವರ ಸಂಸ್ಥಾನದಲ್ಲೇ ಕೆಲಸಕ್ಕೆ ಸೇರಬೇಕಿತ್ತು. ಕೆಲಸವಿತ್ತು, ಆದರೆ ಮನೆಯಿರಲಿಲ್ಲ. ಅವನ ಜಾತಿ ಗೊತ್ತಾದರೆ ಹಿಂದೂ ಹೋಟೆಲುಗಳಲ್ಲಿ ಜಾಗ ಸಿಗುವುದಿಲ್ಲ. ಪಾರಸಿಗಳ ಒಂದು ವಸತಿಗೃಹ ಇದೆಯೆಂದು ಯಾರೋ ಹೇಳಿದರು. ಅಲ್ಲಿ ಪಾರಸಿಗಳಿಗೆ ಮಾತ್ರ ಪ್ರವೇಶ. ಕೊನೆಗೆ ಅಲ್ಲಿಯ ಮೇಲ್ವಿಚಾರಕನ ಒಪ್ಪಿಗೆಯ ಮೇಲೆ ಒಂದು ಪಾರಸಿ ಹೆಸರನ್ನು ದಫ್ತರದಲ್ಲಿ ಬರೆಸಿ ಉಳಿದುಕೊಂಡ. ಮೇಲಿನ ಅಂತಸ್ತಿನಲ್ಲಿ ಅವನೊಬ್ಬನೇ. ಮಾತಾಡಲು ಯಾರೂ ಇಲ್ಲ. ಹಗಲು ಕಚೇರಿ, ರಾತ್ರಿ ಸಣ್ಣ ದೀಪದಲ್ಲಿ ಓದು. ಹನ್ನೊಂದನೇ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಹತ್ತು ಹನ್ನೆರಡು ಜನ ಕೋಲು ಹಿಡಿದು ಮೇಲೆ ಬಂದರು. ನೀನು ಯಾರು ಎಂದು ಗದರಿಸಿದರು. ಸಂಜೆಯೊಳಗೆ ಖಾಲಿ ಮಾಡು ಎಂದರು.

ಅವನು ಒಬ್ಬ ಹಿಂದೂ ಗೆಳೆಯನನ್ನು ಕೇಳಿದ. ನೀನು ಬಂದರೆ ನಮ್ಮ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದ ಗೆಳೆಯ. ಒಬ್ಬ ಕ್ರೈಸ್ತ ಗೆಳೆಯನನ್ನು ಕೇಳಿದ. ಹೆಂಡತಿಯನ್ನು ಕೇಳಿ ಹೇಳಬೇಕು ಎಂದ ಅವನು. ನೋಡಿದಿರಾ, ‘ಯಜಮಾನ್ರನ್ನ ಕೇಳಿ ಹೇಳ್ತೀವಿ’ ಎನ್ನುವ ಮಾತಿಗೆ ನೂರು ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ. ಅವನು ಕಾಮಾಠಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಹೋಗಿ ಕುಳಿತ. ಆ ದಿನ ಅತ್ತುದಾಗಿ ತಾನೇ ಬರೆದಿದ್ದಾನೆ. ರಾತ್ರಿ ಒಂಬತ್ತರ ರೈಲಿಗೆ ಮುಂಬಯಿಗೆ ಮರಳಿದ.

ದೊಡ್ಡವರಿಗೆ ಹೆಸರು ಆಗಲೇ ಗೊತ್ತಾಗಿರುತ್ತದೆ. ಆ ತರುಣ ಡಾ. ಭೀಮರಾವ್ ಅಂಬೇಡ್ಕರ್. ಅವರು ಬದಲಿ ಹೆಸರು ಬರೆಸಿದ್ದನ್ನು ಮುಚ್ಚಿಡಲಿಲ್ಲ, ತಮ್ಮ ನೆನಪಿನ ಬರಹದಲ್ಲಿ ತಾವೇ ಬರೆದರು. ಹಾಗಾಗಿ ಅಡ್ಡಹೆಸರು ಬದಲಿಸಿ ಹೇಳುವವರನ್ನು ನಾನು ದೂರುವುದಿಲ್ಲ. ಆ ಸಂಜೆ ಬರೋಡಾದಲ್ಲಿ ಅವರು ದೂರು ಕೊಡಬಹುದಾದ ಕಚೇರಿ ಒಂದೂ ಇರಲಿಲ್ಲ, ಕಾಯ್ದೆಯೂ ಇರಲಿಲ್ಲ. ಮುಳವಾಡದ ಹುಡುಗಿಯ ತಂದೆಗೆ ಇವೆ. ಅವು ಇರುವುದು ಎಲ್ಲರಿಗೂ ಗೊತ್ತಿಲ್ಲ, ಅದೇ ತೊಂದರೆ.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಪಾಠದಲ್ಲಿ ಓದಿದ್ದೀರಿ. ರದ್ದು ಮಾಡಿದೆವು ಎಂದರೆ ಸಾಲದು, ಆಚರಿಸಿದವರಿಗೆ ಏನು ಶಿಕ್ಷೆ ಎಂದು ಹೇಳುವ ಕಾಯ್ದೆಯೂ ಬೇಕು. ಅದು 1955ರಲ್ಲಿ ಬಂತು. 1976ರಲ್ಲಿ ಅದನ್ನು ಬಿಗಿಮಾಡಿ ಹೆಸರನ್ನೂ ಬದಲಿಸಿದರು. ಈಗ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಗುಡಿ, ಬಾವಿ, ಹೋಟೆಲು, ಕ್ಷೌರದಂಗಡಿ ಇವುಗಳ ವಿಷಯಕ್ಕೆ ಈ ಕಾಯ್ದೆಯನ್ನು ಜನ ನೆನೆಯುತ್ತಾರೆ. ಅದರ 4ನೇ ಕಲಮಿನಲ್ಲಿ ಇನ್ನೊಂದು ಸಾಲಿದೆ, ಅದನ್ನು ನೆನೆಯುವವರು ಕಡಿಮೆ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸಿಸುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಹೇರುವುದು ಅಪರಾಧ ಎಂದು ಆ ಸಾಲಿನ ಸಾರ. ಶಿಕ್ಷೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳು ಮೀರದ ಜೈಲು. ಜೊತೆಗೆ 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ 1976ರದು. ಆ 500 ರೂಪಾಯಿಗೆ ಇವತ್ತು ಒಂದು ಗ್ಯಾಸ್ ಸಿಲಿಂಡರ್ ಕೂಡ ಬರುವುದಿಲ್ಲ. ಆದರೆ ಜೈಲು ಜೈಲೇ.

ಅದೇ ಕಾಯ್ದೆಯ 7ನೇ ಕಲಮು ಬಹಿಷ್ಕಾರದ ಮಾತಾಡುತ್ತದೆ. ಅಸ್ಪೃಶ್ಯತೆ ರದ್ದಾದ್ದರಿಂದ ಬಂದ ಹಕ್ಕನ್ನು ಒಬ್ಬ ಚಲಾಯಿಸಿದ, ಅಂದರೆ ಬಾವಿಯ ನೀರು ಸೇದಿದ, ಗುಡಿಯೊಳಗೆ ಹೋದ ಎನ್ನಿ. ಅದಕ್ಕೆ ಸಿಟ್ಟಾಗಿ ಅವನಿಗೆ ಬಹಿಷ್ಕಾರ ಹಾಕುವಂತಿಲ್ಲ. ಬಹಿಷ್ಕಾರ ಎಂದರೇನು ಎಂದು ಅಲ್ಲಿಯೇ ವಿವರಿಸಿದ್ದಾರೆ, ಮೊದಲಿಗೇ ಬರುವುದು ಮನೆ ಅಥವಾ ಜಮೀನನ್ನು ಬಾಡಿಗೆಗೆ ಕೊಡಲು ಒಲ್ಲೆ ಎನ್ನುವುದು. ಕಾಯ್ದೆ ಬರೆದವರಿಗೆ ಹಳ್ಳಿ ಗೊತ್ತಿತ್ತು.

ಇನ್ನು ಹುಡುಗಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು 12ನೇ ಕಲಮು. ಆ ಅಮ್ಮನವರು ಜಾತಿಯ ಮಾತೇ ಆಡಲಿಲ್ಲವಲ್ಲ, ಜಾತಿಯ ಕಾರಣಕ್ಕೇ ಮನೆ ಕೊಡಲಿಲ್ಲ ಎಂದು ಹೇಗೆ ತೋರಿಸುವುದು? ಅವರ ಮನಸ್ಸಿನೊಳಗೆ ಹೋಗಿ ನೋಡಲಾಗುವುದಿಲ್ಲ. ಅದಕ್ಕೆ ಕಾಯ್ದೆ ಒಂದು ದಾರಿ ಮಾಡಿದೆ. ಇಂಥ ಅಪರಾಧದ ಕೃತ್ಯ ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತು ಎಂದು ಕೋರ್ಟು ಭಾವಿಸಿಕೊಳ್ಳಬೇಕು. ಹಾಗಲ್ಲ ಎಂದು ರುಜುವಾತು ಮಾಡುವ ಹೊಣೆ ಎದುರಿನವರದು. ಸಂಬಂಧಿಕರು ಬರುವವರಿದ್ದರೆ, ಎಲ್ಲಿ ಬಂದರು, ಹದಿನೈದು ದಿನ ಬೋರ್ಡು ಯಾಕೆ ತೂಗುತ್ತಿತ್ತು, ಅವರು ಹೇಳಲಿ. ಹಾಗಾಗಿ ಆ ಬೋರ್ಡು ದೊಡ್ಡ ಸಾಕ್ಷಿ, ಮಗಳೇ. ನೀನು ಸರಿಯಾದದ್ದನ್ನೇ ನೋಡಿದ್ದೀಯ.

ಇದಲ್ಲದೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನು 2015ರ ತಿದ್ದುಪಡಿಯಲ್ಲಿ ಅದರ ಅಪರಾಧಗಳ ಪಟ್ಟಿಗೆ ಸೇರಿಸಿದರು. ಒಂದು ಮನೆ ಸಿಗದ ಸಂಗತಿ ಯಾವ ಕಲಮಿಗೆ ಕೂಡುತ್ತದೆ ಎಂದು ತೂಗಿ ನೋಡುವುದು ವಕೀಲರ ಕೆಲಸ. ನಡೆದದ್ದನ್ನು ನಡೆದಂತೆ ಬರೆಯುವುದು ನಮ್ಮ ಕೆಲಸ.

ಹೇಗೆ ಬರೆಯಬೇಕು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ದೂರುಗಳು ಬೀಳುವುದು ಇಲ್ಲಿಯೇ. ಆ ದಿನ ಸಂಜೆಯೇ, ಊಟಕ್ಕೆ ಮೊದಲು, ಒಂದು ಹಾಳೆ ತೆಗೆದುಕೊಳ್ಳಬೇಕು. ತಾರೀಖು, ವಾರ, ಹೊತ್ತು. ಮನೆ ಎಲ್ಲಿದೆ, ಎದುರಿಗೆ ಏನಿದೆ. ಯಾರು ಮಾತಾಡಿದರು. ಯಾವ ಮಾತು ಮೊದಲು, ಯಾವುದು ಆಮೇಲೆ. ಈ ಪತ್ರದಲ್ಲಿ ಹುಡುಗಿ ಒಂದು ಒಳ್ಳೆಯ ಕೆಲಸ ಮಾಡಿದ್ದಾಳೆ: ಮನೆ ತೋರಿಸಿದ್ದು ಮೊದಲು, ಡಿಪಾಜಿಟ್ ಮಾತು ಬಂದದ್ದು ನಂತರ, ಅಡ್ಡಹೆಸರು ಕೇಳಿದ್ದು ಅದರ ನಂತರ ಎಂದು ಕ್ರಮವಾಗಿ ಬರೆದಿದ್ದಾಳೆ. ಆ ಕ್ರಮದಲ್ಲೇ ಸತ್ಯವಿದೆ. ಅಡ್ಡಹೆಸರು ಹೇಳುವವರೆಗೆ ಮನೆ ಖಾಲಿ ಇತ್ತು! ‘ನಮ್ಮನ್ನು ಅವಮಾನ ಮಾಡಿದರು’ ಎಂದಷ್ಟೇ ಬರೆದರೆ ಓದಿದವರಿಗೆ ಏನೂ ಕಾಣುವುದಿಲ್ಲ. ಅವರಾಡಿದ ಮಾತನ್ನೇ, ಅವರಾಡಿದ ಭಾಷೆಯಲ್ಲೇ ಬರೆದರೆ ಕಾಣುತ್ತದೆ. ಅವರು ನೀರು ಕೊಟ್ಟದ್ದನ್ನೂ ಬರೆಯಬೇಕು. ನಮಗೆ ಅನುಕೂಲವಾದದ್ದನ್ನು ಮಾತ್ರ ಬರೆದ ಹಾಳೆಯನ್ನು ಯಾರೂ ನಂಬುವುದಿಲ್ಲ. ಫೋನ್ ಬಂದ ಹೊತ್ತು ಮೊಬೈಲಿನಲ್ಲೇ ಇರುತ್ತದೆ, ಅಳಿಸಬಾರದು. ರಸ್ತೆಯಲ್ಲಿ ನಿಂತು ಬೋರ್ಡಿನ ಒಂದು ಫೋಟೊ ತೆಗೆದರೆ ಅದರ ತಾರೀಖೂ ಉಳಿಯುತ್ತದೆ.

ಇನ್ನೊಂದು ಉಪಾಯವಿದೆ. ಬೇರೆ ಅಡ್ಡಹೆಸರಿನ ಪರಿಚಯದವರೊಬ್ಬರು ಅದೇ ಮನೆಯನ್ನು ಕೇಳಿಕೊಂಡು ಹೋಗುವುದು. ಅವರಿಗೆ ‘ಬನ್ನಿ, ನೋಡಿ’ ಎಂದರೆ ಸಂಬಂಧಿಕರ ಕತೆ ಅಲ್ಲಿಗೆ ಮುಗಿಯಿತು. ಇದು ಚಾಡಿಯಲ್ಲ, ಪರೀಕ್ಷೆ. ಸುಖದೇವ್ ಥೋರಾಟ್ ಮತ್ತು ಅವರ ಜೊತೆಯ ಸಂಶೋಧಕರು ದಿಲ್ಲಿ ಹಾಗೂ ಸುತ್ತಲಿನ ಪಟ್ಟಣಗಳಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ 2015ರಲ್ಲಿ ಪ್ರಕಟಿಸಿದರು. ಮನೆ ಕೇಳುವವರ ಹೆಸರಿನಿಂದ ಅವರು ಮೇಲ್ಜಾತಿ, ದಲಿತ, ಮುಸ್ಲಿಂ ಎಂದು ಗೊತ್ತಾಗುವಂತೆ ಮಾಡಿ ಫೋನಿನಲ್ಲಿಯೂ ಎದುರಾಗಿಯೂ ವಿಚಾರಿಸಿದರು. ಮೇಲ್ಜಾತಿಯ ಹೆಸರಿಗೆ ಬಾಗಿಲು ತೆರೆಯಿತು. ದಲಿತರಿಗೆ ಹಲವು ಕಡೆ ಮುಚ್ಚಿತು, ಮುಸ್ಲಿಮರಿಗೆ ಇನ್ನೂ ಹೆಚ್ಚು ಕಡೆ ಮುಚ್ಚಿತು.

‘ನಾನು ಸಣ್ಣವಳು, ನನ್ನ ಮಾತು ನಡೆಯುತ್ತದೆಯೇ’ ಎಂದು ನೀನು ಕೇಳಬಹುದು. ನಡೆಯುತ್ತದೆ. ಸಾಕ್ಷಿ ಹೇಳಲು ಇಷ್ಟೇ ವಯಸ್ಸಾಗಿರಬೇಕೆಂಬ ಕಟ್ಟಳೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿಲ್ಲ. ಕೇಳಿದ ಪ್ರಶ್ನೆ ಅರ್ಥವಾಗಬೇಕು, ಸರಿಯಾಗಿ ಉತ್ತರ ಹೇಳಲು ಬರಬೇಕು. ಅಷ್ಟು ಸಾಕು. ಆ ಖೋಲಿಯಲ್ಲಿ ಅಪ್ಪನ ಪಕ್ಕ ಕುಳಿತು ಕೇಳಿದವಳು ನೀನು.

ಹಾಳೆ ಸಿದ್ಧವಾದ ಮೇಲೆ ದೊಡ್ಡವರು ಪೊಲೀಸ್ ಠಾಣೆಗೆ ಹೋಗಬೇಕು. ಮನೆ ಇರುವುದು ವಿಜಯಪುರದಲ್ಲಿ, ನಾವಿರುವುದು ಮುಳವಾಡದಲ್ಲಿ, ನಮ್ಮ ಠಾಣೆಯವರು ತೆಗೆದುಕೊಳ್ಳುತ್ತಾರೆಯೇ? 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಅದನ್ನು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಬಾಯಲ್ಲಿ ಹೇಳಿದ್ದನ್ನು ಅಧಿಕಾರಿ ಬರೆದುಕೊಂಡರೆ ಸಹಿ ಹಾಕುವ ಮೊದಲು ಓದಿ ಹೇಳಬೇಕು. ಎಫ್‌ಐಆರ್ ನಕಲನ್ನು ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. 2025ರಲ್ಲಿ ಅದಕ್ಕೆ ಜಿಲ್ಲೆಗಳಲ್ಲಿ ಸ್ವಂತ ಪೊಲೀಸ್ ಠಾಣೆಗಳೂ ಆದವು. ಫೋನಿನಲ್ಲಿ ಕೇಳಬೇಕೆಂದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯದ ಸಹಾಯವಾಣಿ 14566.

ನನ್ನನ್ನು ಕೇಳಿದರೆ, ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ಕಾನೂನು ಸೇವೆಯ ಕಚೇರಿಗೆ ಹೋಗಿ ಬನ್ನಿ ಎನ್ನುತ್ತೇನೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕಿನಲ್ಲಿ ತಾಲ್ಲೂಕು ಸಮಿತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಇದು ದಯೆಯಲ್ಲ, 1987ರ ಕಾಯ್ದೆ. 15100ಕ್ಕೆ ಫೋನ್ ಮಾಡಿದರೂ ನಡೆಯುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಬೋರ್ಡಿನ ಮೇಲಿನ ಸುಳ್ಳಿನ ಹಾಗೆ ಆದೀತು. ದೂರು ಕೊಟ್ಟ ಮಾತ್ರಕ್ಕೆ ಆ ಎರಡು ಖೋಲಿ ನಿಮಗೆ ಸಿಗುವುದಿಲ್ಲ. ಈ ಕಾಯ್ದೆಗಳು ಶಿಕ್ಷೆ ಕೊಡುತ್ತವೆ, ಬೀಗದ ಕೈ ಕೊಡುವುದಿಲ್ಲ. ಕೇಸು ಎಳೆಯುತ್ತದೆ. ದುಡಿಯುವ ಮನುಷ್ಯ ಒಂದೊಂದು ತಾರೀಖಿಗೂ ಒಂದು ದಿನದ ಕೂಲಿ ಬಿಡಬೇಕು. ಅದೇ ಊರಿನಲ್ಲಿ ಇನ್ನೊಂದು ಮನೆ ಹುಡುಕಬೇಕು, ‘ಇವರು ಕೇಸು ಹಾಕುವವರು’ ಎಂಬ ಮಾತು ಮುಂದೆ ಮುಂದೆ ಓಡುತ್ತದೆ. ನೋಡಿದರೂ ನೋಡದ ಹಾಗೆ ಅಪ್ಪ ಮುಂದೆ ಹೋದ ಎಂದು ಬರೆದಿದ್ದೀಯಲ್ಲ ಮಗಳೇ, ಅವರ ತಲೆಯಲ್ಲಿ ಇದೆಲ್ಲ ಒಟ್ಟಿಗೆ ಓಡಿರಬೇಕು. ಅದನ್ನು ಹೆದರಿಕೆ ಎಂದು ತಿಳಿಯಬೇಡ. ದೂರು ಕೊಡಬೇಕೋ ಬೇಡವೋ ಎನ್ನುವುದು ಅವರು, ನಿನ್ನ ಅವ್ವ, ಅಕ್ಕ ಕೂತು ತೀರ್ಮಾನ ಮಾಡಬೇಕಾದ ಮಾತು. ಹಾಳೆಯನ್ನಂತೂ ಇವತ್ತೇ ಬರೆದಿಡಿ.

ಇನ್ನೊಂದು ಕೊರತೆಯನ್ನೂ ಹೇಳಲೇಬೇಕು. ಈ ಅಂಕಣ ಓದುವ ಮಕ್ಕಳಲ್ಲಿ ಮುಸ್ಲಿಮರಿದ್ದೀರಿ, ಮನೆಯಲ್ಲಿ ಮಾಂಸ ಬೇಯಿಸುವವರಿದ್ದೀರಿ, ಗಂಡ ತೀರಿಕೊಂಡ ತಾಯಿಯ ಜೊತೆ ಮನೆ ಹುಡುಕಿದವರಿದ್ದೀರಿ. ನಿಮಗೆ ಮನೆ ಕೊಡದಿದ್ದರೆ? ಧರ್ಮ, ಊಟ, ಒಂಟಿತನ ಇವುಗಳ ಕಾರಣಕ್ಕೆ ಖಾಸಗಿ ಮಾಲೀಕರು ಬಾಡಿಗೆಗೆ ಕೊಡಲು ಒಲ್ಲೆವೆಂದರೆ ಅದನ್ನು ನೇರವಾಗಿ ಅಪರಾಧವೆನ್ನುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಪಾರಸಿಗಳು ತಮ್ಮವರಿಗಷ್ಟೇ ಮೀಸಲಿಟ್ಟುಕೊಂಡಿದ್ದ ಅಹಮದಾಬಾದಿನ ಒಂದು ಗೃಹ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆ ತೀರ್ಪು ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಅದು ಇದೆ. ಎಚ್‌ಐವಿ ಇರುವವರಿಗೆ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಬಂದಿವೆ. ಮನೆ ಕೊಳ್ಳುವ, ಬಾಡಿಗೆಗೆ ಹಿಡಿಯುವ ವಿಷಯದಲ್ಲಿ ಅವರಿಗೆ ಭೇದ ಮಾಡಬಾರದು ಎಂದು ಎರಡರಲ್ಲೂ ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ಬರೆಯಲು ಬರುತ್ತದೆ. ಉಳಿದವರಿಗೆ ಬರೆದಿಲ್ಲ, ಅಷ್ಟೇ.

ಬೇರೆ ದೇಶಗಳಲ್ಲಿ ಬರೆದಿದ್ದಾರೆ. ಅಮೆರಿಕದಲ್ಲಿ ಕರಿಯರಿಗೆ ಮನೆ ಕೊಡುತ್ತಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅದಕ್ಕಾಗಿ 1966ರಲ್ಲಿ ಶಿಕಾಗೊ ಊರಲ್ಲಿ ಚಳವಳಿ ಮಾಡಿದರು. 1968ರ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಒಂದೇ ವಾರದಲ್ಲಿ, ಏಪ್ರಿಲ್ 11ರಂದು, ವಸತಿಯಲ್ಲಿ ಭೇದ ಮಾಡಬಾರದೆಂಬ ಕಾಯ್ದೆಗೆ ಸಹಿ ಬಿತ್ತು. ಇವತ್ತು ಅಲ್ಲಿರುವ ಕನ್ನಡದ ಕುಟುಂಬಕ್ಕೆ ಬಣ್ಣ, ಧರ್ಮ, ಹುಟ್ಟಿದ ದೇಶದ ಕಾರಣಕ್ಕೆ ಮನೆ ತಪ್ಪಿದರೆ ಒಂದು ವರ್ಷದೊಳಗೆ ಸರಕಾರದ ವಸತಿ ಇಲಾಖೆಗೆ ದೂರು ಬರೆಯಬಹುದು, ಹಣ ಕಟ್ಟಬೇಕಿಲ್ಲ. ನಮ್ಮವರೂ ಅಲ್ಲಿ ಆ ಕಾಯ್ದೆಯ ನೆರಳಿನಲ್ಲಿ ಮನೆ ಹಿಡಿದು, ಇಲ್ಲಿ ಬಂದಾಗ ಅಡ್ಡಹೆಸರು ಕೇಳುತ್ತಾರೆ ಎಂಬುದು ಬೇರೆ ಮಾತು.

ನಮ್ಮ ಸರಕಾರಕ್ಕೆ ಮನಸ್ಸಾದರೆ ಎಷ್ಟು ಬೇಗ ಆಗುತ್ತದೆ ಎಂಬುದನ್ನು ನಾವು ಕೊರೊನಾ ಕಾಲದಲ್ಲಿ ನೋಡಿದ್ದೇವೆ. 2020ರ ಮಾರ್ಚ್‌ನಲ್ಲಿ ಆಸ್ಪತ್ರೆಯಲ್ಲಿ ದುಡಿಯುವ ಡಾಕ್ಟರು, ನರ್ಸುಗಳನ್ನೇ ಮನೆ ಖಾಲಿ ಮಾಡಿ ಎಂದು ಮಾಲೀಕರು ಪೀಡಿಸತೊಡಗಿದರು. ಕರ್ನಾಟಕ ಸರಕಾರ ಅದೇ ತಿಂಗಳಲ್ಲಿ, ಅಂಥ ಮಾಲೀಕರ ಮೇಲೆ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಆದೇಶ ಮಾಡಿತು. ಏಪ್ರಿಲ್ 22ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದು, ಆರೋಗ್ಯ ಸಿಬ್ಬಂದಿಯ ವಾಸಕ್ಕೆ ತೊಂದರೆಯಾಗುವಂತೆ ಕಿರುಕುಳ ಕೊಡುವುದನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿತು. ಆಗ ಯಾರೂ ‘ನನ್ನ ಮನೆ, ನನ್ನ ಇಷ್ಟ’ ಎಂದು ದೊಡ್ಡದಾಗಿ ವಾದಿಸಲಿಲ್ಲ.

ಆ ‘ನನ್ನ ಮನೆ, ನನ್ನ ಇಷ್ಟ’ ಎನ್ನುವ ಮಾತು ಇದನ್ನು ಓದುತ್ತಿರುವ ಕೆಲವು ಅಜ್ಜ ಅಜ್ಜಿಯರ ಬಾಯಲ್ಲಿ ಈಗ ಬಂದಿರಬಹುದು. ಹಿತ್ತಲಿನ ಖೋಲಿಯ ಬಾಡಿಗೆಯಲ್ಲೇ ಔಷಧದ ಖರ್ಚು ನಡೆಸುವವರಿದ್ದೀರಿ, ಗೊತ್ತು. ಬಾಡಿಗೆ ಸರಿಯಾಗಿ ಕೊಡುತ್ತಾರೆಯೇ, ಎಷ್ಟು ಜನ ಇರುತ್ತಾರೆ, ಎಲ್ಲಿ ಕೆಲಸ, ಹಿಂದಿನ ಮನೆ ಯಾಕೆ ಬಿಟ್ಟಿರಿ ಎಂದು ಕೇಳಿ. ಕೇಳಬೇಕು ಕೂಡ. ಓಣಿ ಯಾವುದು ಎಂದು ಕೇಳಿದರೆ ಅದರಿಂದ ಬಾಡಿಗೆಯ ಬಗ್ಗೆ ಏನು ತಿಳಿಯುತ್ತದೆ? ಮುಳವಾಡದ ಸೀಮೆಯವರಿಗಂತೂ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಕೊಲ್ಹಾರವೇ ನೀರಿನೊಳಗೆ ಹೋಯಿತು. ಯಾವ ಅಡ್ಡಹೆಸರಿನವರ ಮನೆಯನ್ನೂ ಕೃಷ್ಣೆ ಕೇಳಿ ಮುಳುಗಿಸಲಿಲ್ಲ. ಕಟ್ಟಿಕೊಂಡ ಮನೆ ಬಿಟ್ಟು ಸೂರು ಹುಡುಕುವುದು ಹೇಗಿರುತ್ತದೆಂದು ಅಲ್ಲಿಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಮೇಲಾಗಿ ಅದು ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆ. ಬಂದವರನ್ನು ಯಾರವರೆಂದು ವಿಚಾರಿಸಬೇಡಿ ಎನ್ನುವ ಅವರ ವಚನವನ್ನು ಅಲ್ಲಿಯ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುತ್ತಾರೆ. ಈ ಹುಡುಗಿಯೂ ಒಪ್ಪಿಸಿರುತ್ತಾಳೆ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಅವಳ ಎರಡನೆಯ ಪತ್ರ ಬಂತು. ಮೊದಲ ಪತ್ರ ತಲುಪಿದ ಕೂಡಲೇ ನಾನು ಒಂದು ಕಾರ್ಡು ಹಾಕಿ, ನಡೆದದ್ದನ್ನು ಹಾಳೆಯಲ್ಲಿ ಬರೆದಿಡಿ, ಕಾನೂನು ಸೇವೆಯ ಕಚೇರಿಗೆ ಹೋಗಿ ಬನ್ನಿ ಎಂದು ತಿಳಿಸಿದ್ದೆ. ಅಕ್ಕ ಸದ್ಯ ಹಾಸ್ಟೆಲಿನಲ್ಲಿದ್ದಾಳಂತೆ. ಮನೆ ಇನ್ನೂ ಸಿಕ್ಕಿಲ್ಲ. ದೂರಿನ ಮಾತು ಎತ್ತಿದಾಗ ಅಪ್ಪ ಎರಡು ದಿನ ಏನೂ ಹೇಳಲಿಲ್ಲವಂತೆ. ಮೂರನೆಯ ದಿನ ತಾವಾಗಿಯೇ, ‘ಕೋರ್ಟಿನ ಕಚೇರಿ ಎಷ್ಟಕ್ಕ ತೆಗೀತಾರ, ಕೇಳು’ ಎಂದರಂತೆ. ಮುಂದಿನ ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಹೋಗಿ ಬರುತ್ತಾರಂತೆ.

ತಾನು ಬರೆದ ಹಾಳೆಯ ಒಂದು ನಕಲನ್ನು ಹುಡುಗಿ ನನಗೂ ಕಳಿಸಿದ್ದಾಳೆ. ದುಂಡನೆಯ ಅಕ್ಷರ, ಒಂದು ಪುಟ ಪೂರ್ತಿ. ನೀರು ಕೊಟ್ಟದ್ದು, ಕೊಲ್ಹಾರದ ಮೊಸರು, ಒಳಗಿನ ನಳ, ಅಡ್ಡಹೆಸರು, ಓಣಿ, ಫೋನು, ಬೋರ್ಡು ಎಲ್ಲ ಕ್ರಮವಾಗಿದೆ. ಕೆಳಗೆ ಅಪ್ಪನ ಸಹಿ, ಅದರ ಕೆಳಗೆ ಅವಳದು. ಮೇಲೆ ತಾರೀಖು ಮಾತ್ರ ಹಾಕಿಲ್ಲ. ಸೋಮವಾರಕ್ಕೆ ಮೊದಲು ಹಾಕು ಎಂದು ಮತ್ತೊಂದು ಕಾರ್ಡು ಬರೆದಿದ್ದೇನೆ.